ಕೇಳಿಸಿಕೊಳ್ಳುವುದೂ ಎಂಜಿನಿಯರಿಂಗೇ

ನಮ್ಮ ಎಂಜಿನಿಯರಿಂಗ್ ಪದವೀಧರರ ಬಗ್ಗೆ ಕಂಪನಿಗಳ ದೂರು ಹಳೆಯದು: ಹುಡುಗರಿಗೆ ವಿಷಯ ಗೊತ್ತಿದೆ, ಕಮ್ಯುನಿಕೇಶನ್ ಸಾಲದು. ಅದಕ್ಕೆ ಕಾಲೇಜುಗಳು ಕಂಡುಕೊಂಡ ಮದ್ದೂ ಅಷ್ಟೇ ಹಳೆಯದು: ಮಾತು ಕಲಿಸುವುದು. ಮೂರನೆಯ ವರ್ಷ ಮುಗಿಯುವ ಹೊತ್ತಿಗೆ ಪ್ಲೇಸ್‌ಮೆಂಟ್ ವಿಭಾಗ ಯಾವುದೋ ತರಬೇತಿ ಸಂಸ್ಥೆಯನ್ನು ಕರೆಸುತ್ತದೆ. ತನ್ನ ಬಗ್ಗೆ ಒಂದು ನಿಮಿಷ ಮಾತಾಡುವುದು, ಸ್ಲೈಡಿನ ಪಕ್ಕ ನಿಲ್ಲುವುದು, ಇಂಗ್ಲಿಷಿನಲ್ಲಿ ತಡವರಿಸದಿರುವುದು, ಇವೆಲ್ಲ ಪಾಠವಾಗುತ್ತವೆ. ಕೊನೆಗೆ ಗ್ರೂಪ್ ಡಿಸ್ಕಷನ್. ಹತ್ತು ಮಂದಿಯನ್ನು ಸುತ್ತ ಕೂರಿಸಿ, ಒಂದು ವಿಷಯ ಕೊಟ್ಟು, ಹದಿನೈದು ನಿಮಿಷ ಬಿಡುವ ಈ ಆಟದಲ್ಲಿ ಮೊದಲು ಬಾಯಿ ತೆರೆದವನಿಗೆ ಅಂಕ ಹೆಚ್ಚು. ಪಕ್ಕದವಳು ಹೇಳುತ್ತಿದ್ದ ವಾಕ್ಯದ ಬಾಲ ಹಿಡಿದೆಳೆದು ತನ್ನದಾಗಿಸಿಕೊಂಡವನಲ್ಲಿ ನಾಯಕತ್ವದ ಗುಣ ಕಾಣಿಸುತ್ತದೆ. ಅಷ್ಟೂ ಹೊತ್ತು ಸುಮ್ಮನೆ ಕೇಳಿ, ಇಬ್ಬರು ಒಂದೇ ಮಾತನ್ನು ಬೇರೆ ಬೇರೆ ಶಬ್ದಗಳಲ್ಲಿ ಹೇಳಿಕೊಂಡು ಜಗಳವಾಡುತ್ತಿದ್ದಾರೆ ಎಂದು ಗುರುತಿಸಿದ ಹುಡುಗಿ ಮುಂದಿನ ಸುತ್ತಿಗೆ ಹೋಗುವುದಿಲ್ಲ. ಕೇಳಿಸಿಕೊಳ್ಳುವ ಬಗ್ಗೆ ಈ ತರಬೇತಿಗಳಲ್ಲಿ ಏನೂ ಇಲ್ಲವೆಂದಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡಿ, ನಡುನಡುವೆ ತಲೆಯಾಡಿಸಿ ಎಂಬ ಒಂದು ಸ್ಲೈಡು ಇರುತ್ತದೆ. ಅಂದರೆ ಕೇಳಿಸಿಕೊಳ್ಳುತ್ತಿರುವಂತೆ ಕಾಣುವುದು ಹೇಗೆ ಎಂಬ ಪಾಠ.

ಈ ವ್ಯವಸ್ಥೆಯ ಅಡಿಯಲ್ಲಿ ಎರಡು ನಂಬಿಕೆಗಳಿವೆ. ಸಂವಹನವೆಂದರೆ ಮಾತು ಎಂಬುದು ಒಂದು. ಕೇಳಿಸಿಕೊಳ್ಳುವುದು ಒಳ್ಳೆಯ ನಡವಳಿಕೆ, ಇದ್ದರೆ ಶೋಭೆ, ಇಲ್ಲದಿದ್ದರೂ ಸೇತುವೆಯೇನೂ ಬೀಳುವುದಿಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ಯಾರೂ ಇಷ್ಟು ಬಿಡಿಸಿ ಹೇಳುವುದಿಲ್ಲ. ಆದರೆ ಎಚ್‌ಆರ್ ವಿಭಾಗದ ತರಬೇತಿ ಪಟ್ಟಿಯಲ್ಲಿ ಅದು ಕೂತಿರುವ ಜಾಗ ನೋಡಿದರೆ ಸಾಕು: ಒತ್ತಡ ನಿರ್ವಹಣೆ ಮತ್ತು ಊಟದ ಮೇಜಿನ ಶಿಷ್ಟಾಚಾರದ ನಡುವೆ. ಈ ಎರಡು ನಂಬಿಕೆಗಳೂ ತಪ್ಪು, ಎರಡನೆಯದು ಅಪಾಯಕಾರಿ ಕೂಡ. ಎಂಜಿನಿಯರ್ ಮಾಡುವ ಕೆಲಸಗಳಲ್ಲಿ ಅಳತೆ ಮೊದಲನೆಯದು. ಯಂತ್ರದ ಬಗ್ಗೆ, ಕಟ್ಟಡದ ಬಗ್ಗೆ, ಪ್ರೋಗ್ರಾಮಿನ ಬಗ್ಗೆ ಮೊದಲ ಅಳತೆ ಬಹಳಷ್ಟು ಸಲ ಮೀಟರಿನಲ್ಲಿ ದಾಖಲಾಗುವುದಿಲ್ಲ, ಅದರ ಹತ್ತಿರವಿರುವ ಮನುಷ್ಯನ ಬಾಯಲ್ಲಿ ಬರುತ್ತದೆ. ಅದನ್ನು ಸರಿಯಾಗಿ ತೆಗೆದುಕೊಳ್ಳಲಾರದವನ ದೋಷ ಸ್ವಭಾವದ್ದಲ್ಲ. ವರ್ನಿಯರ್ ಓದಲು ಬಾರದವನ ದೋಷ ಎಷ್ಟು ತಾಂತ್ರಿಕವೋ ಇದೂ ಅಷ್ಟೇ ತಾಂತ್ರಿಕ.

ಇದಕ್ಕೆ ಸಾಕ್ಷಿಯಾಗಿ ಥೆರಾಕ್-25 ಎಂಬ ಯಂತ್ರದ ಕತೆಯನ್ನು ನಮ್ಮ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಓದುವ ರೀತಿಯಲ್ಲಲ್ಲದೆ ಬೇರೆ ರೀತಿಯಲ್ಲಿ ಓದಬೇಕು. ಅದು ಅಟಾಮಿಕ್ ಎನರ್ಜಿ ಆಫ್ ಕೆನಡಾ ಲಿಮಿಟೆಡ್ ತಯಾರಿಸಿದ, ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಯಂತ್ರ. 1985ರ ಜೂನ್‌ನಿಂದ 1987ರ ಜನವರಿವರೆಗೆ ಅದರಿಂದ ಆರು ಅಪಘಾತಗಳಾದವು; ರೋಗಿಗಳ ಮೈಮೇಲೆ ನಿಗದಿತ ಪ್ರಮಾಣದ ಎಷ್ಟೋ ಪಟ್ಟು ವಿಕಿರಣ ಬಿತ್ತು, ಕೆಲವರು ಸತ್ತರು. ನ್ಯಾನ್ಸಿ ಲೆವೆಸನ್ ಮತ್ತು ಕ್ಲಾರ್ಕ್ ಟರ್ನರ್ 1993ರಲ್ಲಿ ಬರೆದ ತನಿಖಾ ಲೇಖನದ ನಂತರ ಇದು ಸಾಫ್ಟ್‌ವೇರ್ ದೋಷದ ಮಾದರಿ ಪಾಠವಾಗಿದೆ. ಹಳೆಯ ಥೆರಾಕ್-20ರಲ್ಲಿ ಯಾಂತ್ರಿಕ ತಡೆಗಳಿದ್ದವು, ಹೊಸದರಲ್ಲಿ ಆ ಕಾವಲನ್ನು ಸಾಫ್ಟ್‌ವೇರಿಗೆ ಬಿಟ್ಟರು, ಅದರಲ್ಲಿ ದೋಷವಿತ್ತು. ಇದೆಲ್ಲ ಸರಿ. ಆದರೆ ದೋಷವಿದ್ದ ಪ್ರೋಗ್ರಾಮು ಒಂದೂವರೆ ವರ್ಷಕ್ಕೂ ಮೇಲ್ಪಟ್ಟು ಜನರನ್ನು ಸುಡುತ್ತ ಹೋದದ್ದು ಹೇಗೆ ಎಂಬ ಪ್ರಶ್ನೆಗೆ ಕೋಡ್‌ನಲ್ಲಿ ಉತ್ತರವಿಲ್ಲ. ಜಾರ್ಜಿಯಾದ ಮರಿಯೆಟ್ಟಾದಲ್ಲಿ ಮೊದಲ ರೋಗಿ ಮೈ ಸುಟ್ಟಿತೆಂದು ಅಲ್ಲೇ ಹೇಳಿದಳು. ಹಾಗಾಗಲು ಸಾಧ್ಯವಿಲ್ಲ ಎಂಬ ಉತ್ತರ ಬಂತು. ಮುಂದೆ ಬೇರೆ ಆಸ್ಪತ್ರೆಗಳವರು ಕೇಳಿದಾಗಲೂ ತಯಾರಕರದು ಅದೇ ಉತ್ತರ.

ಟೆಕ್ಸಾಸಿನ ಟೈಲರ್ ಪಟ್ಟಣದಲ್ಲಿ 1986ರ ಮಾರ್ಚ್ 21ರಂದು ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಪರೇಟರ್ ಕೋಣೆಯ ಹೊರಗಿದ್ದಳು. ಒಳಗೆ ರೋಗಿ. ಅವರಿಬ್ಬರ ನಡುವೆ ಒಂದು ವಿಡಿಯೊ ಪರದೆ, ಒಂದು ಇಂಟರ್‌ಕಾಮ್. ಆ ದಿನ ಪರದೆಯ ಪ್ಲಗ್ ಹಾಕಿರಲಿಲ್ಲ, ಇಂಟರ್‌ಕಾಮ್ ಕೆಟ್ಟಿತ್ತು. ಆಕೆ 'ಇ' ಒತ್ತುವಲ್ಲಿ 'ಎಕ್ಸ್' ಒತ್ತಿ, ತಪ್ಪು ಕಂಡು, ಮೇಲ್ಮುಖ ಬಾಣದ ಕೀಲಿಯಿಂದ ಹಿಂದೆ ಹೋಗಿ ಸರಸರನೆ ತಿದ್ದಿದಳು. ಯಂತ್ರ 'ಮಾಲ್‌ಫಂಕ್ಷನ್ 54' ಎಂದು ಹೇಳಿ ನಿಂತಿತು, ಕೊಟ್ಟ ವಿಕಿರಣ ಕಡಿಮೆಯಾಯಿತೆಂದು ತೋರಿಸಿತು. ದಿನಕ್ಕೆ ಹತ್ತಾರು ಸಲ ಏನಾದರೊಂದು ನೆಪ ಹೇಳಿ ನಿಲ್ಲುತ್ತಿದ್ದ ಯಂತ್ರವದು. ಆಕೆ ರೂಢಿಯಂತೆ ಮುಂದುವರಿಸುವ ಕೀಲಿ ಒತ್ತಿದಳು. ಮೊದಲ ಹೊಡೆತಕ್ಕೇ ಏಳಲು ಹೊರಟಿದ್ದ ರೋಗಿಗೆ ಎರಡನೆಯದೂ ಬಿತ್ತು. ಕೊನೆಗೆ ಆತ ಬಾಗಿಲು ಬಡಿದ. ಕಂಪನಿಯ ಎಂಜಿನಿಯರ್‌ಗಳು ಬಂದು ದಿನವಿಡೀ ಪರೀಕ್ಷಿಸಿದರು, 'ಮಾಲ್‌ಫಂಕ್ಷನ್ 54' ಬರಲೇ ಇಲ್ಲ. ಈ ಯಂತ್ರ ಅತಿ ಪ್ರಮಾಣದ ವಿಕಿರಣ ಕೊಡಲು ಸಾಧ್ಯವಿಲ್ಲ, ವಿದ್ಯುತ್ ಆಘಾತವಿರಬೇಕು ಎಂದರು. ಬೇರೊಂದು ಸಂಸ್ಥೆ ಪರೀಕ್ಷಿಸಿತು, ವಿದ್ಯುತ್ ದೋಷವೂ ಇರಲಿಲ್ಲ. ಏಪ್ರಿಲ್ 7ರಂದು ಯಂತ್ರ ಮತ್ತೆ ಕೆಲಸಕ್ಕೆ ಬಂತು. 11ರಂದು ಇನ್ನೊಬ್ಬ ರೋಗಿ, ಅದೇ ಆಪರೇಟರ್, ಅದೇ ತಿದ್ದುಪಡಿ, ಅದೇ 54. ಈ ಸಲ ಇಂಟರ್‌ಕಾಮ್ ಕೆಲಸ ಮಾಡುತ್ತಿತ್ತು. ದೊಡ್ಡ ಸದ್ದು, ಹಿಂದೆಯೇ ನರಳಾಟ ಆಕೆಗೆ ಕೇಳಿಸಿತು.

ದೋಷವನ್ನು ಹಿಡಿದದ್ದು ತಯಾರಕ ಕಂಪನಿಯಲ್ಲ, ಆಸ್ಪತ್ರೆಯ ಭೌತವಿಜ್ಞಾನಿ. ಆತ ಮಾಡಿದ್ದು ಸರಳ ಕೆಲಸ: ಆಪರೇಟರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಏನೇನು ಒತ್ತಿದಿರಿ, ಯಾವ ಕ್ರಮದಲ್ಲಿ, ಹೇಗೆ ಎಂದು ಕೇಳಿದ. ಆಕೆಗೆ ಎಲ್ಲ ನೆನಪಿತ್ತು. ಇಬ್ಬರೂ ಸೇರಿ ಮತ್ತೆ ಮತ್ತೆ ಮಾಡಿನೋಡಿದಾಗ ಗುಟ್ಟು ಹೊರಬಿತ್ತು. ಗುಟ್ಟು ಇದ್ದದ್ದು ವೇಗದಲ್ಲಿ. ಸುಮಾರು 8 ಸೆಕೆಂಡಿನೊಳಗೆ ತಿದ್ದುಪಡಿ ಮುಗಿದರೆ ಪ್ರೋಗ್ರಾಮು ಅದನ್ನು ಗಮನಿಸುತ್ತಿರಲಿಲ್ಲ. ಕಂಪನಿಯವರಿಗೆ ತಿಳಿಸಿದಾಗ ಅವರಿಗೆ ಆಗಲೂ ಅದು ಬರಲಿಲ್ಲ. ಬೇಗ ಬೇಗ ಒತ್ತಬೇಕು ಎಂದು ಹೇಳಿಕೊಟ್ಟ ಮೇಲೆ ಬಂತು. ಕೀಲಿಗಳನ್ನು ನಿಧಾನವಾಗಿ, ಜಾಗ್ರತೆಯಿಂದ ಒತ್ತುವ ಎಂಜಿನಿಯರಿಗೆ ಎಂದೂ ಕಾಣದ ದೋಷ, ದಿನಕ್ಕೆ ಅದೇ ಕೆಲಸವನ್ನು ಎಷ್ಟೋ ಸಲ ಮಾಡಿ ಕೈ ಪಳಗಿದವಳಿಗೆ ಮಾತ್ರ ಕಂಡಿತು. ಆ ಎಂಟು ಸೆಕೆಂಡು ಯಾವ ಕೈಪಿಡಿಯಲ್ಲೂ ಇರಲಿಲ್ಲ, ಯಾವ ಲಾಗ್‌ನಲ್ಲೂ ಇರಲಿಲ್ಲ. ಅದು ಇದ್ದದ್ದು ಅವಳ ಬೆರಳುಗಳಲ್ಲಿ. ಅಲ್ಲಿಂದ ಅದನ್ನು ಹೊರತೆಗೆಯಲು ಇದ್ದ ಉಪಕರಣವೂ ಒಂದೇ, ಕೂತು ಕೇಳುವುದು.

ಇದು ಒಂದು ಯಂತ್ರದ ವಿಶೇಷವಲ್ಲ. ಯಾವ ಮೀಟರೂ ಅದನ್ನು ಇಟ್ಟವನು ಮುಂಗಂಡದ್ದನ್ನು ಮಾತ್ರ ಅಳೆಯುತ್ತದೆ. ಎಲ್ಲಿ ಬಿರುಕು ಬಿಡಬಹುದೆಂದು ಲೆಕ್ಕ ಹೇಳುತ್ತದೋ ಅಲ್ಲಿ ಸ್ಟ್ರೇನ್ ಗೇಜ್ ಅಂಟಿಸುತ್ತೇವೆ. ಲೆಕ್ಕವೇ ತಪ್ಪಿದ್ದರೆ ಗೇಜು ಇರುವ ಜಾಗವೂ ತಪ್ಪು. ಮುಂಗಾಣದ್ದು ನಡೆದಾಗ ಅಲ್ಲಿ ಇರುವುದು ಮನುಷ್ಯನ ಮೂಗು, ಕಣ್ಣು, ಕಿವಿ, ಅಂಗೈ. ಭೋಪಾಲ್‌ನ ವಿಷಾನಿಲ ದುರಂತದಲ್ಲಿ, 1984ರ ಡಿಸೆಂಬರ್ 2ರ ರಾತ್ರಿ, ಕಾರ್ಖಾನೆಯ ಸಂಗ್ರಹ ತೊಟ್ಟಿಯ ಒತ್ತಡ ಏರಿದ್ದನ್ನು ಮಾಪಕ ತೋರಿಸಿತ್ತು, ಆದರೆ ಆ ಮಾಪಕಗಳನ್ನು ನಂಬುವ ರೂಢಿ ತಪ್ಪಿಹೋಗಿತ್ತು. ಸೋರಿಕೆಯನ್ನು ಖಚಿತವಾಗಿ ಹೇಳಿದ್ದು ಕಾರ್ಮಿಕರ ಉರಿಯುವ ಕಣ್ಣುಗಳು. ಮೇಲಿನವರಿಗೆ ತಿಳಿಸಿದರು. ಚಹಾದ ನಂತರ ನೋಡೋಣ ಎಂದಾಯಿತು. ಚಹಾ ಮುಗಿಯುವ ಹೊತ್ತಿಗೆ ಕೈ ಮೀರಿತ್ತು. ಅದಕ್ಕೂ ಎರಡು ವರ್ಷ ಮುಂಚೆಯೇ ಅದೇ ಊರಿನ ಪತ್ರಕರ್ತ ರಾಜಕುಮಾರ್ ಕೇಸ್ವಾನಿ ಕಾರ್ಖಾನೆಯ ಅಪಾಯದ ಬಗ್ಗೆ ಬರೆಯತೊಡಗಿದ್ದರು. ಆ ದುರಂತಕ್ಕೆ ಹಣ ಉಳಿಸುವ ಹಟ, ಕೆಟ್ಟು ಕೂತಿದ್ದ ರಕ್ಷಣಾ ವ್ಯವಸ್ಥೆಗಳು, ಹೀಗೆ ಕಾರಣಗಳು ಹಲವು. ಕಿವಿ ಕೊಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು ಎನ್ನುವುದು ಬಾಲಿಶ. ಹೇಳಬೇಕಾದದ್ದು ಇಷ್ಟು: ಆ ರಾತ್ರಿ ಕಾರ್ಖಾನೆಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದ ಸಂವೇದಕವೆಂದರೆ ಕಾರ್ಮಿಕರ ಕಣ್ಣು, ಅದರ ಸಂಕೇತಕ್ಕೆ ಮುಂದೆ ಹೋಗಲು ತಂತಿ ಇರಲಿಲ್ಲ.

ಇಲ್ಲಿ ಎದುರುಪಕ್ಷದ ಅತ್ಯಂತ ಬಲವಾದ ವಾದವನ್ನು ಎದುರಿಸಬೇಕು. ಚಾಲೆಂಜರ್ ನೌಕೆಯ ಉದಾಹರಣೆ ಕೊಟ್ಟು ಅವರು ಹೇಳುತ್ತಾರೆ: ನೋಡಿ, ಎಂಜಿನಿಯರ್‌ಗಳಿಗೆ ಚೆನ್ನಾಗಿ ಹೇಳಲು ಬಂದಿದ್ದರೆ ಏಳು ಜೀವ ಉಳಿಯುತ್ತಿತ್ತು. 1986ರ ಜನವರಿ 27ರ ಸಂಜೆ, ಉಡಾವಣೆಯ ಹಿಂದಿನ ದಿನ, ಮಾರ್ಟನ್ ಥಿಯೊಕಾಲ್ ಕಂಪನಿಯ ಎಂಜಿನಿಯರ್‌ಗಳು ನಾಸಾದೊಂದಿಗೆ ದೂರವಾಣಿ ಸಭೆ ನಡೆಸಿ, ಬೂಸ್ಟರ್ ರಾಕೆಟ್ಟಿನ ಕೀಲುಗಳಲ್ಲಿರುವ ಓ-ರಿಂಗ್ ಎಂಬ ರಬ್ಬರ್ ಬಳೆ ಚಳಿಗೆ ಸೆಡೆತುಕೊಳ್ಳುತ್ತದೆ, 53 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಿದ್ದರೆ ಹಾರಿಸಬೇಡಿ ಎಂದರು. ಅವರು ಕಳುಹಿಸಿದ ಚಾರ್ಟುಗಳು ಗಡಿಬಿಡಿಯಲ್ಲಿ ಬರೆದವು. ತಾಪಮಾನಕ್ಕೂ ಹಾನಿಗೂ ಇದ್ದ ಸಂಬಂಧವನ್ನು ಅವು ಒಂದೇ ನೋಟಕ್ಕೆ ತೋರಿಸಲಿಲ್ಲ ಎಂದು ಮಾಹಿತಿ ವಿನ್ಯಾಸದ ವಿದ್ವಾಂಸ ಎಡ್ವರ್ಡ್ ಟಫ್ಟೆ 1997ರಲ್ಲಿ ಟೀಕಿಸಿದರು. ಅಂದಿನಿಂದ ಈ ಟೀಕೆ ಪ್ರೆಸೆಂಟೇಶನ್ ಕಲಿಸುವವರ ಬಂಡವಾಳವಾಗಿದೆ. ಚಾರ್ಟು ಚೆನ್ನಾಗಿರಲಿಲ್ಲ, ಒಪ್ಪೋಣ. ಆದರೆ ಆ ಸಭೆಯಲ್ಲಿ ಇನ್ನೂ ಏನು ನಡೆಯಿತು? ನಾಸಾದವರು ಅಸಮಾಧಾನ ತೋರಿಸಿದ ಮೇಲೆ ಥಿಯೊಕಾಲ್‌ನವರು ತಮ್ಮೊಳಗೇ ಚರ್ಚಿಸಲು ಬಿಡುವು ಕೇಳಿದರು. ಆಗ ಅವರ ಎಂಜಿನಿಯರ್ ಆರ್ನಿ ಥಾಂಪ್ಸನ್ ತನ್ನ ಜಾಗದಿಂದ ಎದ್ದು ಹೋಗಿ, ಹಿರಿಯರ ಮುಂದೆ ಕಾಗದವಿಟ್ಟು ಕೀಲಿನ ಚಿತ್ರ ಬರೆದು ವಿವರಿಸಲು ನೋಡಿದರು, ತಲುಪುತ್ತಿಲ್ಲವೆಂದು ತಿಳಿದು ಅರ್ಧಕ್ಕೆ ನಿಲ್ಲಿಸಿದರು. ಇನ್ನೊಬ್ಬ ಎಂಜಿನಿಯರ್ ರೋಜರ್ ಬ್ವಾಜೊಲೆ ಹಿಂದಿನ ಹಾರಾಟಗಳ ಫೋಟೊಗಳನ್ನು ಮುಂದಿಟ್ಟರು, ಅದೂ ಅಷ್ಟೇ ಆಯಿತು. ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊ ಎಂದು ಹಿರಿಯರೊಬ್ಬರು ಸೂಚಿಸಿದ ಮೇಲೆ ಶಿಫಾರಸು ತಿರುವುಮುರುವಾಯಿತು. ಮರುದಿನ ಹಾರಿದ 73 ಸೆಕೆಂಡಿಗೆ ನೌಕೆ ಛಿದ್ರವಾಯಿತು.

ಮಾತಿನಲ್ಲಿ ಹೇಳಿದರು, ಚಿತ್ರ ಬರೆದರು, ಫೋಟೊ ತೋರಿಸಿದರು. ಬ್ವಾಜೊಲೆಯಂತೂ ಆರು ತಿಂಗಳ ಹಿಂದೆ, 1985ರ ಜುಲೈ 31ರಂದೇ, ಬರಹದಲ್ಲಿ ಎಚ್ಚರಿಸಿದ್ದರು. ಇನ್ನೆಷ್ಟು ಸಂವಹನ ಬೇಕಿತ್ತು? ಚಾರ್ಟಿನಲ್ಲಿ ಏನೋ ಕೊರತೆಯಿದ್ದರೆ, ಎಲ್ಲ ಹಾರಾಟಗಳ ತಾಪಮಾನವನ್ನೂ ಒಂದೇ ಹಾಳೆಯಲ್ಲಿ ಹಾಕಿ ತೋರಿಸಿ ಎಂದು ಕೇಳುವುದು ಆ ಕಡೆಯವರ ಕೆಲಸವಾಗಿತ್ತು. ಕೇಳಿಸಿಕೊಳ್ಳುವುದೆಂದರೆ ಸುಮ್ಮನಿರುವುದಲ್ಲ, ಹೇಳುವವನ ಬಳಿ ಇದ್ದು ಅವನಿಗೆ ಹೇಳಲಾಗದ್ದನ್ನು ಪ್ರಶ್ನೆ ಹಾಕಿ ಹೊರತರುವುದೂ ಅದರ ಭಾಗ. ಅಂದು ನಾಸಾದವರು ಪ್ರಶ್ನೆ ಕೇಳಿದ್ದು ನಿಜ, ಆದರೆ ಆ ಪ್ರಶ್ನೆಗಳು ತಿಳಿಯುವುದಕ್ಕಲ್ಲ, ಸೋಲಿಸುವುದಕ್ಕೆ. ಇದು ಆಡಳಿತ ಮತ್ತು ಎಂಜಿನಿಯರ್‌ಗಳ ನಡುವಿನ ಜಗಳ, ಅಧಿಕಾರದ ಪ್ರಶ್ನೆ, ಕಿವಿಯದಲ್ಲ ಎಂದು ಇನ್ನು ಕೆಲವರು ಹೇಳಬಹುದು. ಟೋಪಿ ಬದಲಿಸಲು ಹೇಳಿಸಿಕೊಂಡ ರಾಬರ್ಟ್ ಲಂಡ್ ಕಂಪನಿಯ ಎಂಜಿನಿಯರಿಂಗ್ ವಿಭಾಗದ ಉಪಾಧ್ಯಕ್ಷ ಎಂಬುದನ್ನು ಅವರು ಮರೆಯುತ್ತಾರೆ. ನಮ್ಮಲ್ಲೂ ಅಷ್ಟೇ: ಇವತ್ತು ಮಾತು ಕಲಿತು ಮೇಲೇರಿದ ಎಂಜಿನಿಯರೇ ಹದಿನೈದು ವರ್ಷದ ಮೇಲೆ ಮೇಜಿನ ಆ ಬದಿಯಲ್ಲಿ ಕೂರುವವನು. ಅಧಿಕಾರ ಕಿವಿಯನ್ನು ಮುಚ್ಚುತ್ತದೆ ಎಂಬುದು ಕೇಳುವುದನ್ನು ವ್ಯವಸ್ಥೆಯೊಳಗೇ ಕಟ್ಟಬೇಕು ಎನ್ನುವುದಕ್ಕೆ ಕಾರಣವೇ ಹೊರತು ಅದನ್ನು ಕೈಬಿಡುವುದಕ್ಕೆ ಕಾರಣವಲ್ಲ. ಟೊಯೊಟಾ ಕಾರ್ಖಾನೆಗಳಲ್ಲಿ ಜೋಡಣೆ ಸಾಲಿನ ಕಾರ್ಮಿಕ ದೋಷ ಕಂಡೊಡನೆ ಹಗ್ಗ ಎಳೆದರೆ ಮೇಲ್ವಿಚಾರಕ ಓಡಿಬರಬೇಕು, ಅಲ್ಲೇ ಬಗೆಹರಿಯದಿದ್ದರೆ ಸಾಲು ನಿಲ್ಲಬೇಕು. ಅಲ್ಲಿ ಮೇಲ್ವಿಚಾರಕ ಸಜ್ಜನನೋ ಅಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಎಲ್ಲವನ್ನೂ ಬರೆದಿಟ್ಟರೆ ಆಯಿತಲ್ಲ, ಟಿಕೆಟ್ ಹಾಕಲಿ, ಮೇಲ್ ಕಳಿಸಲಿ ಎಂಬುದು ಬೆಂಗಳೂರಿನ ಯಾವ ಆಫೀಸಿನಲ್ಲಾದರೂ ಕೇಳಿಬರುವ ಉತ್ತರ. ಬರಹದ ಬೆಲೆಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅನುಮಾನ ಹುಟ್ಟುವಾಗ ಅದಕ್ಕೆ ಫಾರ್ಮಿನಲ್ಲಿ ತುಂಬುವಷ್ಟು ರೂಪ ಬಂದಿರುವುದಿಲ್ಲ. 1999ರ ಸೆಪ್ಟೆಂಬರ್‌ನಲ್ಲಿ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಬಳಿ ನಾಶವಾದದ್ದು ಒಂದು ಕಡೆ ಪೌಂಡ್ ಲೆಕ್ಕ, ಇನ್ನೊಂದು ಕಡೆ ನ್ಯೂಟನ್ ಲೆಕ್ಕ ಬಳಸಿದ್ದರಿಂದ ಎಂಬುದು ಎಲ್ಲರಿಗೂ ಗೊತ್ತು. ಪಥವನ್ನು ನೋಡಿಕೊಳ್ಳುತ್ತಿದ್ದವರಿಗೆ ಏನೋ ಹೊಂದುತ್ತಿಲ್ಲ ಎಂಬ ಅನುಮಾನ ಮೊದಲೇ ಬಂದಿತ್ತು, ಅವರು ಇಮೇಲ್ ಮತ್ತು ಮಾತುಕತೆಯಲ್ಲಿ ಅದನ್ನು ಎತ್ತಿದ್ದರು, ಆದರೆ ದೋಷ ದಾಖಲಿಸುವ ಅಧಿಕೃತ ವ್ಯವಸ್ಥೆಯೊಳಗೆ ಅದು ಬರಲಿಲ್ಲ ಎಂಬುದು ಅಷ್ಟು ಜನಕ್ಕೆ ಗೊತ್ತಿಲ್ಲ. 2003ರಲ್ಲಿ ಕಲ್ಪನಾ ಚಾವ್ಲಾ ಅವರಿದ್ದ ಕೊಲಂಬಿಯಾ ನೌಕೆಯ ರೆಕ್ಕೆಗೆ ಉಡಾವಣೆಯ ಹೊತ್ತಿನಲ್ಲಿ ನೊರೆಯ ತುಂಡು ಬಡಿದಾಗ, ರೆಕ್ಕೆಯ ಚಿತ್ರ ತೆಗೆಸಿ ಎಂದು ಎಂಜಿನಿಯರ್‌ಗಳು ಕೇಳಿದ್ದರು. ಸರಿಯಾದ ದಾರಿಯಲ್ಲಿ ಬಂದ ಬೇಡಿಕೆಯಲ್ಲ ಎಂಬುದೂ ಅದು ಬಿದ್ದುಹೋಗಲು ಒಂದು ಕಾರಣವಾಯಿತು. ನೌಕೆ ನಾಶವಾದ ಮೇಲೆ ತನಿಖಾ ಮಂಡಳಿ ಅಲ್ಲಿನ ಪವರ್‌ಪಾಯಿಂಟ್ ಸ್ಲೈಡೊಂದನ್ನೂ ಹಿಡಿದು ಟೀಕಿಸಿತು: ಅತಿ ಮುಖ್ಯ ಸಂದೇಹ ಸ್ಲೈಡಿನ ತಳದಲ್ಲಿ, ಸಣ್ಣ ಅಕ್ಷರದಲ್ಲಿ ಹೂತುಹೋಗಿತ್ತು. ಟಿಕೆಟ್ಟು ಬಂದಿದೆಯೇ ಎಂದು ಮಾತ್ರ ನೋಡುವವನು ತನಗೆ ಬಂದ ಸುದ್ದಿಯನ್ನು ಅದರ ಬಟ್ಟೆ ನೋಡಿ ಒಳಗೆ ಬಿಡುವ ದ್ವಾರಪಾಲಕ.

ಬಳಸುವವರಿಗೆ ತಮಗೇನು ಬೇಕೆಂದು ಗೊತ್ತಿರುವುದಿಲ್ಲ ಎಂಬ ಮಾತನ್ನು ಹೆನ್ರಿ ಫೋರ್ಡ್ ಹೆಸರಿನಲ್ಲಿ ಹೇಳುವುದು ರೂಢಿ. ಜನರನ್ನು ಕೇಳಿದ್ದರೆ ವೇಗದ ಕುದುರೆ ಬೇಕೆನ್ನುತ್ತಿದ್ದರಂತೆ. ಅವರು ಹಾಗೆ ಹೇಳಿದ್ದಕ್ಕೆ ಆಧಾರವಿಲ್ಲ ಎಂಬುದು ಹಾಗಿರಲಿ. ಅದನ್ನು ನಿಜವೆಂದೇ ಇಟ್ಟುಕೊಂಡರೂ, ವೇಗದ ಕುದುರೆ ಬೇಕು ಎಂಬ ಮಾತಿನಲ್ಲಿ ವೇಗ ಬೇಕು ಎಂಬ ಸುದ್ದಿ ಇದೆಯಲ್ಲ! ಪರಿಹಾರ ಹೇಳುವುದು ಬಳಸುವವನ ಕೆಲಸವಲ್ಲ, ನೋವು ಎಲ್ಲಿದೆ ಎಂದು ಅವನಿಗಿಂತ ಚೆನ್ನಾಗಿ ಹೇಳುವವರೂ ಇಲ್ಲ. ನಮ್ಮ ಹಳ್ಳಿಗಳ ಬೋರ್‌ವೆಲ್ ಕೈಪಂಪಿನ ಚರಿತ್ರೆ ಇದಕ್ಕೆ ಒಳ್ಳೆಯ ಸಾಕ್ಷಿ. ಮೊದಲು ಹಾಕಿದ ಎರಕದ ಕಬ್ಬಿಣದ ಪಂಪುಗಳು ಪರದೇಶದಲ್ಲಿ ಒಂದು ಮನೆ, ಒಂದು ತೋಟಕ್ಕೆಂದು ಮಾಡಿದ್ದರ ನಕಲು. ಬೆಳಗಿನಿಂದ ಸಂಜೆಯವರೆಗೆ ಊರಿಗೆ ಊರೇ ಒತ್ತುವ ಪಂಪು ಅದಲ್ಲ. ಸಾಲುಸಾಲಾಗಿ ಕೆಟ್ಟು ನಿಂತವು. 1970ರ ದಶಕದಲ್ಲಿ ಇಂಡಿಯಾ ಮಾರ್ಕ್ 2 ರೂಪುಗೊಂಡದ್ದು ಮಹಾರಾಷ್ಟ್ರದ ಸೊಲ್ಲಾಪುರದಲ್ಲಿ ಬಾಳಿಕೆ ಬಂದಿದ್ದ ಪಂಪಿನ ಆಧಾರದ ಮೇಲೆ, ಅದರ ಮೂಲ ಯಾವ ದೊಡ್ಡ ಪ್ರಯೋಗಾಲಯದ್ದೂ ಅಲ್ಲ, ಸ್ವಂತವಾಗಿ ಕಲಿತ ಮೆಕ್ಯಾನಿಕ್‌ನದು. ಮಾರ್ಕ್ 2 ಗಟ್ಟಿ, ಆದರೆ ಕೆಟ್ಟರೆ ಕೊಳವೆಗಳನ್ನೆಲ್ಲ ಮೇಲೆತ್ತಲು ವ್ಯಾನಿನಲ್ಲಿ ತಂಡವೇ ಬರಬೇಕಿತ್ತು. ಮುಂದೆ ಬಂದ ಮಾರ್ಕ್ 3ರಲ್ಲಿ ಕೊಳವೆಯನ್ನು ಅಗಲ ಮಾಡಿ, ಅದನ್ನು ಎತ್ತದೆಯೇ ಪಿಸ್ಟನ್ ಹೊರಬರುವಂತೆ ಮಾಡಿದರು. ಯಾರ ಕೈಯಲ್ಲಿ ಪಂಪು ಕೆಡುತ್ತದೆ, ಯಾರು ಕಾಯುತ್ತಾರೆ ಎಂದು ವಿಚಾರಿಸದೆ ಬರುವ ವಿನ್ಯಾಸವಲ್ಲ ಅದು.

ಬಂದವರ ಮಾತನ್ನೆಲ್ಲ ಕೇಳುತ್ತ ಕೂತರೆ ಯಾವ ಕೆಲಸವೂ ಆಗದು ಎನ್ನುವವರು ಕೇಳುವುದನ್ನೂ ಒಪ್ಪುವುದನ್ನೂ ಒಂದೇ ಮಾಡಿಕೊಂಡಿದ್ದಾರೆ. ಮೀಟರಿನ ರೀಡಿಂಗ್ ತೆಗೆದುಕೊಂಡವನು ಅದನ್ನು ಶಿರಸಾವಹಿಸುವುದಿಲ್ಲ. ಮೀಟರು ಕೆಟ್ಟಿದೆಯೇ, ಬೇರೆ ಕಡೆಯ ಅಳತೆ ಏನು ಹೇಳುತ್ತದೆ ಎಂದು ತಾಳೆ ನೋಡುತ್ತಾನೆ. ಮನುಷ್ಯರ ಮಾತಿಗೂ ಅದೇ ಶಿಸ್ತು. ಈ ಶಿಸ್ತನ್ನು ತರಬೇತಿಯಾಗಿ ಕಟ್ಟಿದ ವೃತ್ತಿ ಒಂದಿದೆ, ವಿಮಾನ ಹಾರಿಸುವವರದು. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ಮಂಜಿನಲ್ಲಿ ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಕೆಎಲ್‌ಎಂ ವಿಮಾನದ ಫ್ಲೈಟ್ ಎಂಜಿನಿಯರ್ ಕೆಲವೇ ಕ್ಷಣಗಳ ಮುಂಚೆ, ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ಲವೇ ಎಂದು ಕೇಳಿದ್ದ. ಕ್ಯಾಪ್ಟನ್ ಬಿಟ್ಟಿದೆ ಎಂದು ಒತ್ತಿ ಹೇಳಿ ಮುಂದೆ ನಡೆಸಿದ. ಇಂಥ ಅಪಘಾತಗಳ ಹಿನ್ನೆಲೆಯಲ್ಲಿ 1979ರಲ್ಲಿ ನಾಸಾ ಕರೆದ ಕಾರ್ಯಾಗಾರದಿಂದ ಕಾಕ್‌ಪಿಟ್‌ನ ಮಾತುಕತೆಯೇ ತರಬೇತಿಯ ವಿಷಯವಾಯಿತು. ಕಂಟ್ರೋಲರ್ ಹೇಳಿದ್ದನ್ನು ಪೈಲಟ್ ಮರಳಿ ಹೇಳಬೇಕು, ಹೇಳಿದ್ದು ಸರಿಯೇ ಎಂದು ಕಂಟ್ರೋಲರ್ ಕಿವಿಗೊಟ್ಟು ತಾಳೆ ನೋಡಬೇಕು. ಕೇಳಿದ್ದಕ್ಕೂ ಅಲ್ಲಿ ಪರೀಕ್ಷೆಯಿದೆ. ತರಬೇತಿಯಿದ್ದೂ ಕೇಳದವರಿಲ್ಲವೇ? ಇದ್ದಾರೆ. 2010ರ ಮೇ 22ರಂದು ಮಂಗಳೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಗುಡ್ಡದಂಚಿನಿಂದ ಉರುಳಿ 158 ಜನ ಸತ್ತಾಗ, ಸಹಪೈಲಟ್ ಮೂರು ಸಲ ಇಳಿಸಬೇಡಿ, ಮೇಲೇರಿ ಎಂದು ಹೇಳಿದ್ದರೂ ಕ್ಯಾಪ್ಟನ್ ಇಳಿಸಲು ಹೋದರು. ಗಮನಿಸಬೇಕಾದದ್ದು ವಿಚಾರಣಾ ವರದಿಯನ್ನು: ಆ ಮೂರು ಕರೆಗಳಿಗೆ ಓಗೊಡದಿದ್ದುದನ್ನು ಅದು ಅಪಘಾತದ ನೇರ ಕಾರಣದ ವಾಕ್ಯದೊಳಗೇ ಬರೆಯಿತು. ನಮ್ಮಲ್ಲಿ ಕಟ್ಟುವಾಗಲೇ ಕುಸಿದ ಫ್ಲೈಓವರ್‌ಗಳ ಬಗ್ಗೆ ಪತ್ರಿಕೆಯಲ್ಲಿ ಬರುವುದು ಸೆಂಟ್ರಿಂಗ್ ಜಾರಿತು, ಕಾಂಕ್ರೀಟು ಸರಿಯಿರಲಿಲ್ಲ ಎಂಬಲ್ಲಿಗೆ ನಿಲ್ಲುತ್ತದೆ. ಜಾರುವ ಮೊದಲು ಯಾರಾದರೂ ಹೇಳಿದ್ದರೇ ಎಂಬ ಪ್ರಶ್ನೆಯೇ ಬರುವುದಿಲ್ಲ.

ಯಾರಾದರೂ ಎಂದೆ. ಆದರೆ ಯಾರ ಮಾತು ಕೇಳಿಸುತ್ತದೆ ಎಂಬುದು ನಮ್ಮಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಕರ್ನಾಟಕದ ಬಯಲುಸೀಮೆಯ ಕೆರೆಗಳಿಗೆ ನೀರಗಂಟಿ ಇದ್ದ. ತೂಬು ಎಷ್ಟು ಎತ್ತಿದರೆ ಕೊನೆಯ ಗದ್ದೆಗೆ ನೀರು ಯಾವಾಗ ಮುಟ್ಟುತ್ತದೆ, ಏರಿಯ ಯಾವ ಮಗ್ಗುಲು ಜಿನುಗುತ್ತದೆ, ಕೋಡಿ ಬೀಳುವ ಮುನ್ನ ಯಾವ ಕಾಲುವೆ ತುಂಬುತ್ತದೆ ಎಂಬುದು ಅವನಿಗೆ ತಲೆಮಾರುಗಳಿಂದ ಗೊತ್ತು. ಬಹಳ ಕಡೆ ಈ ಕೆಲಸ ದಲಿತ ಕುಟುಂಬಗಳದಾಗಿತ್ತು. ಹೂಳೆತ್ತಲು ಬರುವ ಎಂಜಿನಿಯರ್ ಅಂದಾಜು ಪಟ್ಟಿ ಮಾಡುವಾಗ ಊರ ಮುಖಂಡರ ಜಗಲಿಯಲ್ಲಿ ಕೂರುತ್ತಾನೆ, ನೀರಗಂಟಿಯ ಜಗಲಿಯಲ್ಲಲ್ಲ. ಬೆಂಗಳೂರಿನ ಕಟ್ಟಡ ಸೈಟಿನಲ್ಲಿ ಮೇಸ್ತ್ರಿ ಯಾದಗಿರಿಯವನು, ಬಾರ್ ಬೆಂಡರ್ ಒಡಿಶಾದವನು, ಎಂಜಿನಿಯರಿಗೆ ಇಬ್ಬರ ಭಾಷೆಯೂ ಅರ್ಧಂಬರ್ಧ. ಕಂಬಿ ಸರಿಯಾಗಿ ಕೂರುತ್ತಿಲ್ಲ ಸಾರ್ ಎಂದು ಅವರಲ್ಲೊಬ್ಬ ಹೇಳಿದರೆ ಅದು ಸೋಮಾರಿತನದ ನೆಪವಾಗಿ ಕೇಳಿಸುತ್ತದೆ, ಡ್ರಾಯಿಂಗ್‌ನ ತಪ್ಪಾಗಿ ಅಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಕನ್ನಡ ಬಾರದ ವಿದ್ಯಾರ್ಥಿಗಳಿಗೆ 'ಬಳಕೆ ಕನ್ನಡ' ಎಂಬ ಪಠ್ಯ ಇಟ್ಟಿದೆ. ಅದನ್ನು ಭಾಷಾಭಿಮಾನದ ಲೆಕ್ಕಕ್ಕೆ ಸೇರಿಸಿ ಪಾಸಾದರೆ ಸಾಕೆನ್ನುವವರೇ ಹೆಚ್ಚು. ಸೈಟಿನಲ್ಲಿ ದೋಷದ ವರದಿ ಮೊದಲು ಬರುವ ಭಾಷೆ ಅದು. ಸಿವಿಲ್ ವಿದ್ಯಾರ್ಥಿಗೆ ಸರ್ವೇಯಿಂಗ್‌ನಷ್ಟೇ ಉಪಯೋಗದ್ದು.

ಏಕಾಂತದಲ್ಲಿ ಕೆಲಸ ಮಾಡುವವರಿಗೆ ಇದೆಲ್ಲ ಇನ್ನಷ್ಟು ಮೀಟಿಂಗುಗಳ ಬೆದರಿಕೆಯಂತೆ ಕೇಳಬಹುದು. ಹಾಗಲ್ಲ. ಮೀಟಿಂಗ್ ಎಂಬುದು ಸಾಮಾನ್ಯವಾಗಿ ಸರದಿಯ ಮೇಲೆ ಮಾತಾಡುವ ಜಾಗ, ಅಲ್ಲಿ ಎಲ್ಲರೂ ತಮ್ಮ ಸರದಿಗೆ ಕಾಯುತ್ತಿರುತ್ತಾರೆ. ಮಿತಭಾಷಿ ಎಂಜಿನಿಯರ್‌ಗಳಿಗೆ ಈ ಕೆಲಸ ಚೆನ್ನಾಗಿ ಒಗ್ಗುವುದೂ ಉಂಟು. ಬೇಕಾದದ್ದು ಬೇರೆ ರೀತಿಯ ಅಭ್ಯಾಸ. ಕೊನೆಯ ವರ್ಷದ ವಿದ್ಯಾರ್ಥಿಯನ್ನು ಆಸ್ಪತ್ರೆಯ ಟೆಕ್ನಿಷಿಯನ್ ಬಳಿಗೋ ನೀರು ಬಿಡುವ ವಾಟರ್‌ಮನ್ ಬಳಿಗೋ ಕಳಿಸಿ, ಅವರ ಯಂತ್ರದ ಒಂದು ತೊಂದರೆಯನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ತರಲು ಹೇಳಬೇಕು. ಹಾಳೆಯನ್ನು ಅವರಿಗೇ ಓದಿ ಹೇಳಿ, ಬಿಟ್ಟುಹೋದದ್ದೇನು ಎಂದು ಅವರಿಂದಲೇ ಅಂಕ ಹಾಕಿಸಬೇಕು. ವಿನ್ಯಾಸದ ಪರಿಶೀಲನೆಯಲ್ಲಿ ಆಕ್ಷೇಪಕ್ಕೆ ಉತ್ತರ ಕೊಡುವ ಮೊದಲು ಆ ಆಕ್ಷೇಪವನ್ನು ಆಕ್ಷೇಪಿಸಿದವನು ಒಪ್ಪುವಂತೆ ತಿರುಗಿ ಹೇಳಬೇಕೆಂಬ ನಿಯಮವಿರಲಿ. ಮೀಟಿಂಗಿನ ಮಾತನ್ನೆಲ್ಲ ಬರೆದುಕೊಡುವ ಎಐ ಈಗ ಇದೆಯಲ್ಲ ಎಂದರೆ, ಅದು ಆಡಿದ ಮಾತನ್ನು ಬರೆಯುತ್ತದೆ; ಆರ್ನಿ ಥಾಂಪ್ಸನ್ ಅರ್ಧಕ್ಕೆ ನಿಲ್ಲಿಸಿದ್ದೇಕೆ ಎಂದು ಕೇಳುವ ಹೊಣೆ ಆ ಕೋಣೆಯಲ್ಲಿರುವವರದೇ.

ಕೊನೆಗೆ ಉಳಿಯುವುದು ಸಮಯದ ಆಕ್ಷೇಪ. ಡೆಡ್‌ಲೈನ್ ಇದೆ, ಇದಕ್ಕೆಲ್ಲ ಪುರುಸೊತ್ತೆಲ್ಲಿ? ಕೆನಡಾದ ಕ್ವಿಬೆಕ್ ಸೇತುವೆಯವರಿಗೂ ಪುರುಸೊತ್ತಿರಲಿಲ್ಲ. 1907ರ ಬೇಸಿಗೆಯಲ್ಲಿ ಅದರ ಕೆಳಗಣ ಉಕ್ಕಿನ ತೊಲೆಗಳು ಬಾಗುತ್ತಿವೆ ಎಂದು ಸೈಟಿನಲ್ಲಿದ್ದ ಯುವ ಎಂಜಿನಿಯರ್ ನಾರ್ಮನ್ ಮೆಕ್‌ಲೂರ್ ಪತ್ರದ ಮೇಲೆ ಪತ್ರ ಬರೆದ. ಸಲಹೆಗಾರ ಥಿಯೊಡೋರ್ ಕೂಪರ್ ಅನಾರೋಗ್ಯದಿಂದ ನ್ಯೂಯಾರ್ಕ್ ಬಿಟ್ಟು ಬರುತ್ತಿರಲಿಲ್ಲ. ಉಕ್ಕು ತಯಾರಿಸಿದ ಕಂಪನಿಯವರು ಅವು ಬರುವಾಗಲೇ ಬಾಗಿದ್ದವು ಎಂದರು. ಮುಕ್ಕಾಲು ಇಂಚಿದ್ದ ಬಾಗು ಎರಡೂಕಾಲು ಇಂಚಾದ ಮೇಲೆ ಮೆಕ್‌ಲೂರ್ ರೈಲು ಹತ್ತಿ ನ್ಯೂಯಾರ್ಕಿಗೇ ಹೋದ. ಕೂಪರ್ ಈ ಸಲ ಕೇಳಿದರು, ಇನ್ನು ಭಾರ ಹಾಕಬೇಡಿ ಎಂದು ತಂತಿಯನ್ನೂ ಕಳಿಸಿದರು, ಆದರೆ ಸೈಟಿಗಲ್ಲ, ಪೆನ್ಸಿಲ್ವೇನಿಯಾದಲ್ಲಿದ್ದ ಕಂಪನಿಗೆ. ಅತ್ತ ಸೈಟಿನಲ್ಲಿ ಕೆಲಸ ನಡೆದೇ ಇತ್ತು. ಆಗಸ್ಟ್ 29ರ ಸಂಜೆ ಕೆಲಸ ಬಿಡುವ ಹೊತ್ತಿಗೆ ಸೇತುವೆ ನದಿಗೆ ಬಿತ್ತು. 75 ಕಾರ್ಮಿಕರು ಸತ್ತರು. ಮತ್ತೆ ಕಟ್ಟುವಾಗ 1916ರಲ್ಲಿ ನಡುವಿನ ಭಾಗ ಬಿದ್ದು ಇನ್ನೂ 13 ಮಂದಿ ಹೋದರು. ಆ ಸೇತುವೆಯ ಮೇಲೆ ರೈಲು ಓಡಿದ್ದು 1917ರಲ್ಲಿ.